ಜೇನಿನ ಊಟದೆಲೆ

ನಮ್ಮ ಕಾವ್ಯಪ್ರಪಂಚದಲ್ಲಿ ದುಂಬಿಗೆ ಸಂದ ಮನ್ನಣೆ ಬೇರಾವ ಕೀಟಕ್ಕೂ ಸಂದಿಲ್ಲ. ಬನವಾಸಿಯ ನಂದನವನದಲ್ಲಿ ಮರಿದುಂಬಿಯಾಗಿಯಾದರೂ ಹುಟ್ಟುವ ಭಾಗ್ಯವನ್ನು ಪಂಪನಂಥ ಮಹಾಕವಿಯೇ ಬಯಸಿದನೆಂದ ಮೇಲೆ ಹೆಚ್ಚು ಹೇಳಬೇಕಾದ್ದಿಲ್ಲ. ಆದರೆ ಈ ಮನ್ನಣೆಯ ಜೊತೆಯಲ್ಲಿಯೇ ಒಂದು ಅಪವಾದವೂ ಅದಕ್ಕೆ ಅಂಟಿಕೊಂಡು ಬಂದಿದೆ. ಕವಿಗಳ ದುಂಬಿ ಚಪಲ. ಒಂದು ಹೂವಿನಲ್ಲಿ ನಿಲ್ಲದೆ ಇನ್ನೊಂದಕ್ಕೆ ಹಾರುವ ವಿಟ. ಶಾಕುಂತಲದ ಮೊದಲನೆಯ ಅಂಕದಲ್ಲಿ ಶಕುಂತಲೆಯ ಮುಖವನ್ನು ಸುತ್ತಿ ಕಾಡುವುದು ಅದೇ. ಐದನೆಯ ಅಂಕದಲ್ಲಿ ಹಂಸಪದಿಕೆ ತೆರೆಯ ಮರೆಯಿಂದ ಹಾಡಿ, ಮಾವಿನ ಹೂವನ್ನು ಮರೆತು ತಾವರೆಯಲ್ಲಿ ನೆಲಸಿದೆಯೆಂದು ಹಳಿಯುವುದೂ ಅದನ್ನೇ. ಅರಸನಿಗೆ ತಾಗಬೇಕಾದ ಮಾತನ್ನು ಪಾಪದ ಹುಳು ಹೊತ್ತುಕೊಂಡಿತು. ಮನೆಮನೆಯಲ್ಲಿ ತುಸುತುಸುವೇ ಬೇಡಿ ಉಣ್ಣುವ ಯತಿಗಳೂ ದಾಸರೂ ತಮ್ಮ ಬಾಳನ್ನು ಮಧುಕರವೃತ್ತಿಯೆಂದು ಕರೆದುಕೊಂಡಾಗ ಈ ಅಪವಾದ ಕೊಂಚ ತೊಳೆದುಹೋಯಿತೆನ್ನಬೇಕು. ಆದರೂ ಅಲ್ಲಿಯೂ ಮುಖ್ಯವಾದ ಭಾವ ಒಂದೇ, ಅಲೆದಾಟ.

ತರಗತಿಯಲ್ಲಿ ಈ ಕವಿಸಮಯಗಳನ್ನು ವಿವರಿಸುವಾಗಲೆಲ್ಲ ನನಗೆ ಒಂದು ಕುತೂಹಲ. ಹೂವಿಗೆ ಹೋಗುವ ಹುಳು ನಿಜವಾಗಿ ಏನನ್ನು ನೋಡಿ ಹೋಗುತ್ತದೆ? ಅದಕ್ಕೆ ಬೇಕಾದದ್ದೇನು? ಬೇಕಾದದ್ದು ಸಿಕ್ಕಿತೆಂದು ಅದಕ್ಕೆ ತಿಳಿಯುವುದು ಹೇಗೆ? ಸಸ್ಯಶಾಸ್ತ್ರದ ಸಹೋದ್ಯೋಗಿಗಳನ್ನು ಪೀಡಿಸಿ, ಪುಸ್ತಕಗಳನ್ನು ತಂದು ಓದಿ, ಮಲೆನಾಡಿನಲ್ಲಿ ಜೇನು ಸಾಕುವ ನನ್ನ ಸೋದರಮಾವನ ಮಾತನ್ನು ಕೇಳಿ ನಾನು ತಿಳಿದುಕೊಂಡ ಕೆಲವು ಸಂಗತಿಗಳು ಸಹೃದಯರಿಗೂ ರುಚಿಸಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಭೇದವನ್ನು ಹೇಳಿಬಿಡಬೇಕು. ಕಾವ್ಯದ ಕರಿದುಂಬಿ ಬಹುಮಟ್ಟಿಗೆ ಮರವನ್ನೂ ಬಿದಿರನ್ನೂ ಕೊರೆದು ಗೂಡುಮಾಡುವ ದೊಡ್ಡ ಕಪ್ಪು ಹುಳು. ನಮ್ಮ ಜೇನ್ನೊಣಗಳು ಬೇರೆ. ಬಂಡೆಗೂ ಹೆಮ್ಮರಕ್ಕೂ ನೇತುಬೀಳುವ ಹೆಜ್ಜೇನು, ಪೊಟರೆಯಲ್ಲಿ ಹಲವು ಎರಿಗಳನ್ನು ಕಟ್ಟುವ ತುಡುವೆ, ಪೊದೆಯ ಕಡ್ಡಿಗೆ ಅಂಗೈಯಗಲದ ಒಂದೇ ಎರಿಯನ್ನು ಕಟ್ಟುವ ಕೋಲುಜೇನು, ಇವು ಮೂರು ಒಂದು ಕುಲ. ಗೋಡೆಯ ಬಿರುಕಿನಲ್ಲಿರುವ, ಕುಟುಕಲಾರದ ಮುಜಂಟಿ ಇವುಗಳ ದೂರದ ನೆಂಟ. ಪೆಟ್ಟಿಗೆಯಲ್ಲಿ ಸಾಕುವುದು ತುಡುವೆಯನ್ನು. ಈಗೀಗ ಯೂರೋಪಿನಿಂದ ಬಂದ ಜಾತಿಯನ್ನೂ ಸಾಕುತ್ತಾರೆ. ಪ್ರಯೋಗಶಾಲೆಯ ಸಂಗತಿಗಳು ಹೆಚ್ಚಾಗಿ ಆ ಯೂರೋಪಿನ ಜೇನಿನಿಂದ ತಿಳಿದವು.

ಇನ್ನು ಚಾಪಲ್ಯದ ಮಾತು. ಜೇನ್ನೊಣ ಒಂದು ಸಲ ಗೂಡಿನಿಂದ ಹೊರಟರೆ ಒಂದೇ ಜಾತಿಯ ಹೂವಿನಿಂದ ಹೂವಿಗೆ ಹೋಗುತ್ತದೆಯೇ ಹೊರತು ಕಂಡಕಂಡ ಹೂವಿಗೆ ಬೀಳುವುದಿಲ್ಲ. ಇದನ್ನು ಇಂದಿನವರು ಕಂಡುಹಿಡಿದದ್ದಲ್ಲ. ಕ್ರಿಸ್ತನಿಗೆ ಮುನ್ನೂರು ವರ್ಷಕ್ಕೂ ಹಿಂದೆ ಬಾಳಿದ ಅರಿಸ್ಟಾಟಲನೇ ತನ್ನ ಪ್ರಾಣಿಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ. ನಂಬದವರು ಗೂಡಿಗೆ ಮರಳುವ ನೊಣದ ಹಿಂಗಾಲನ್ನು ನೋಡಬಹುದು. ಅಲ್ಲಿ ಅಂಟಿಕೊಂಡ ಪರಾಗದ ಉಂಡೆ ಸಾಮಾನ್ಯವಾಗಿ ಒಂದೇ ಬಣ್ಣದ್ದು. ಪಕ್ಕದ ನೊಣದ ಉಂಡೆ ಬೇರೆ ಬಣ್ಣದ್ದಿರಬಹುದು, ಆದರೆ ಒಂದೇ ಉಂಡೆಯಲ್ಲಿ ಬಣ್ಣಗಳ ಬೆರಕೆ ಅಪರೂಪ. ಇದನ್ನು ಸತೀಧರ್ಮವೆಂದು ಹೊಗಳಲು ನಾನು ಹೊರಟಿಲ್ಲ. ಕಾರಣ ಬಹಳ ಲೌಕಿಕವಾದದ್ದು. ಒಂದೊಂದು ಹೂವೂ ಒಂದೊಂದು ಬೀಗವಿದ್ದಂತೆ. ತುಂಬೆಯ ಹೂವನ್ನು ತೆರೆಯುವ ಬಗೆಯೇ ಬೇರೆ, ಸೂರ್ಯಕಾಂತಿಯನ್ನು ಹೆಕ್ಕುವ ಬಗೆಯೇ ಬೇರೆ. ಒಮ್ಮೆ ಕೈ ಪಳಗಿದ ಕೆಲಸವನ್ನು ಬಿಟ್ಟು ಹೊಸದನ್ನು ಕಲಿಯಹೊರಟರೆ ಹೊತ್ತು ವ್ಯರ್ಥ. ಹೂವಿನ ಕಡೆಯಿಂದ ನೋಡಿದರೂ ಇದೇ ಲಾಭ. ತುಂಬೆಯ ಪರಾಗ ಹೊಂಗೆಗೆ ಬಿದ್ದು ಯಾರಿಗೆ ಉಪಯೋಗ?

ಸಂಪಿಗೆಯ ವಿಷಯವೊಂದಿದೆ. ದುಂಬಿ ಎಲ್ಲ ಹೂವಿಗೂ ಎರಗುತ್ತದೆ, ಸಂಪಿಗೆಯ ಬಳಿಗೆ ಮಾತ್ರ ಸುಳಿಯದು ಎಂಬುದು ಪ್ರಸಿದ್ಧವಾದ ಕವಿಸಮಯ. ಇದು ಬರಿಯ ಕಲ್ಪನೆಯೆಂದೇ ನಾವೆಲ್ಲ ಪಾಠ ಹೇಳುವುದು. ಆದರೆ ಸಂಪಿಗೆ ಸೇರಿದ ವಂಶ ಹೂಬಿಡುವ ಗಿಡಗಳಲ್ಲಿ ಬಹು ಪ್ರಾಚೀನವಾದದ್ದು. ಅದು ಪರಾಗ ಸಾಗಿಸಲು ಮುಖ್ಯವಾಗಿ ಜೀರುಂಡೆಗಳನ್ನು ನೆಚ್ಚಿಕೊಂಡದ್ದೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಯಾವನೋ ಒಬ್ಬ ಕವಿ ಮರದ ಕೆಳಗೆ ಕುಳಿತು ಕಣ್ಣಾರೆ ನೋಡಿಯೇ ಈ ಮಾತನ್ನು ಹುಟ್ಟಿಸಿದನೋ ಏನೋ! ಅಲಂಕಾರಶಾಸ್ತ್ರದ ಗ್ರಂಥಗಳು ಅದನ್ನು ವಿವರಿಸುವುದಿಲ್ಲ.

ಊಟದ ವಿಷಯಕ್ಕೆ ಬರೋಣ. ಜೇನಿನ ಎಲೆಯ ಮೇಲೆ ಬೀಳುವ ಪದಾರ್ಥ ಎರಡೇ, ಮಕರಂದ ಮತ್ತು ಪರಾಗ. ಮೂರನೆಯದಾಗಿ ನೀರು. ಮಕರಂದ ಸಕ್ಕರೆಯ ನೀರು; ಹಾರುವುದಕ್ಕೂ ಗೂಡನ್ನು ಬೆಚ್ಚಗಿಡುವುದಕ್ಕೂ ಬೇಕಾದ ಶಕ್ತಿ ಅದರದು. ಪರಾಗ ಉಳಿದೆಲ್ಲ: ಸಸಾರಜನಕ, ಮೇದಸ್ಸು, ಜೀವಸತ್ವಗಳು, ಖನಿಜಗಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಂದು ಅನ್ನ, ಇನ್ನೊಂದು ಬೇಳೆ ತುಪ್ಪ ಪಲ್ಯ. ತಂಪುದೇಶಗಳ ಒಂದು ಜೇನುಸಂಸಾರ ವರ್ಷಕ್ಕೆ ಸುಮಾರು 20 ಕಿಲೋಗ್ರಾಂ ಪರಾಗವನ್ನೂ 60 ಕಿಲೋಗ್ರಾಂ ಜೇನುತುಪ್ಪವನ್ನೂ ತಾನೇ ತಿಂದು ಮುಗಿಸುತ್ತದೆಂದು ಲೆಕ್ಕ. ನಾವು ಕದಿಯುವುದು ಇದರ ಮೇಲಣ ಉಳಿಕೆಯನ್ನು. ಒಂದು ನೊಣ ಎರಡು ಹಿಂಗಾಲಿನಲ್ಲಿ ಹೊತ್ತು ತರುವ ಪರಾಗ ಸುಮಾರು 15 ಮಿಲಿಗ್ರಾಂ. ಒಂದು ಮರಿ ಬೆಳೆದು ನೊಣವಾಗಲು ನೂರು ಮಿಲಿಗ್ರಾಮಿಗೂ ಮೀರಿದ ಪರಾಗ ಬೇಕು. ಅಂದರೆ ಒಬ್ಬಳು ಮಗಳನ್ನು ಬೆಳೆಸಲು ಹತ್ತು ಹೊರೆ.

ಈ ಬೇಳೆಯಲ್ಲಿಯೂ ಎಲ್ಲ ಒಂದೇ ಅಲ್ಲ. ಒಂದು ಗಿಡದ ಪರಾಗದಲ್ಲಿ ಸಸಾರಜನಕ ನೂರಕ್ಕೆ ಮೂರೂ ಇರಲಾರದು. ಇನ್ನೊಂದರಲ್ಲಿ 60ರ ತನಕ ಇರಬಹುದು. ಸೂರ್ಯಕಾಂತಿಯ ಪರಾಗ ನೋಡಲು ಹೊನ್ನು, ಸತ್ವದಲ್ಲಿ ಬಡವು. ಸಸಾರಜನಕದ ಮೊತ್ತವೊಂದೇ ಸಾಲದು, ಅದನ್ನು ಕಟ್ಟಿರುವ ಅಮೈನೋ ಆಮ್ಲಗಳಲ್ಲಿ ಹತ್ತು ಜೇನಿಗೆ ಅನಿವಾರ್ಯವೆಂದು ಡಚ್ ವಿಜ್ಞಾನಿ ಡಿ ಗ್ರೂಟ್ 1953ರಲ್ಲಿ ತೋರಿಸಿಕೊಟ್ಟರು. ಈ ಹತ್ತರಲ್ಲಿ ಒಂದು ಕಡಿಮೆಬಿದ್ದರೂ ಉಳಿದ ಒಂಬತ್ತು ಪೂರ್ತಿಯಾಗಿ ಕೈಗೆ ಹತ್ತುವುದಿಲ್ಲ. ಯೂರೋಪಿನ ಬಯಲುಗಳಲ್ಲಿ ಡ್ಯಾಂಡೆಲಿಯನ್ ಎಂಬ ಹಳದಿ ಹೂವಿನ ಕಳೆಯುಂಟು. ಜೇನು ಅದಕ್ಕೆ ಮುಗಿಬೀಳುತ್ತದೆ. ಆದರೆ ಪಂಜರದಲ್ಲಿಟ್ಟು ಅದೊಂದರ ಪರಾಗವನ್ನೇ ತಿನ್ನಿಸಿದಾಗ ನೊಣಗಳಿಗೆ ಮರಿಗಳನ್ನು ಬೆಳೆಸಲಾಗಲಿಲ್ಲ. ಬೇರೆ ಪರಾಗಗಳ ಜೊತೆ ಬೆರೆತಾಗ ಅದೇ ಒಳ್ಳೆಯ ಆಹಾರ.

ಇಲ್ಲಿ ನಿಜವಾದ ಒಗಟು ಹುಟ್ಟುತ್ತದೆ. ಪರಾಗ ತರುವವಳು ಅದನ್ನು ತಿನ್ನುವವಳಲ್ಲ. ಗೂಡಿನಲ್ಲಿ ವಯಸ್ಸಿಗೆ ತಕ್ಕ ಕೆಲಸ. ಹುಟ್ಟಿದ ಮೊದಲ ಎರಡು ವಾರ ನೊಣ ದಾದಿ. ಪರಾಗವನ್ನು ತಿಂದು ಜೀರ್ಣಿಸಿ, ತಲೆಯ ಗ್ರಂಥಿಗಳಿಂದ ಹಾಲಿನಂಥ ರಸವನ್ನು ಸುರಿಸಿ ಮರಿಗಳಿಗೂ ರಾಣಿಗೂ ಉಣಿಸುತ್ತದೆ. ಹೊರಗೆ ದುಡಿಯಹೋಗುವುದು ಸುಮಾರು ಮೂರನೆಯ ವಾರದಿಂದಾಚೆಗೆ. ಆ ವೇಳೆಗೆ ಅದರ ಹಾಲಿನ ಗ್ರಂಥಿಗಳು ಬತ್ತಿ, ಪರಾಗವನ್ನು ಅರಗಿಸುವ ಶಕ್ತಿಯೂ ಕುಗ್ಗಿರುತ್ತದೆ. ಸಂತೆಗೆ ಹೋಗುವವಳಿಗೆ ರುಚಿ ತಿಳಿಯದು. ಅಡುಗೆ ಮಾಡುವವಳು ಸಂತೆಯನ್ನು ಕಂಡಿಲ್ಲ. ಹೀಗಿರುವಾಗ ಮನೆಗೆ ತಕ್ಕ ಸಾಮಾನು ಬರುವುದು ಹೇಗೆ?

ಮಕರಂದದ ಮಟ್ಟಿಗೆ ಉತ್ತರ ಬಹುಪಾಲು ಸಿಕ್ಕಿದೆ. ಅದಕ್ಕೆ ಮೊದಲು ಕಾರ್ಲ್ ಫಾನ್ ಫ್ರಿಷ್ ಅವರನ್ನು ನೆನೆಯಬೇಕು. ಜೇನಿಗೆ ಬಣ್ಣ ತಿಳಿಯದೆಂದು ಆಗ ನೇತ್ರಶಾಸ್ತ್ರದಲ್ಲಿ ದೊಡ್ಡ ಹೆಸರು ಪಡೆದಿದ್ದ ಫಾನ್ ಹೆಸ್ ಎಂಬವರು ಸಾರಿದ್ದರು. ತರುಣ ಫ್ರಿಷ್ ಒಪ್ಪಲಿಲ್ಲ. ಬಣ್ಣವೇ ಕಾಣದ ಪ್ರಾಣಿಗಾಗಿ ಹೂಗಳು ಇಷ್ಟೊಂದು ಸಿಂಗರಿಸಿಕೊಂಡಿರುವುದೇಕೆ ಎಂಬುದು ಅವರ ಸರಳವಾದ ಪ್ರಶ್ನೆ. ನೀಲಿ ಕಾಗದದ ಮೇಲೆ ಸಕ್ಕರೆನೀರಿಟ್ಟು ನೊಣಗಳನ್ನು ಪಳಗಿಸಿದರು. ಆಮೇಲೆ ಆ ನೀಲಿಯನ್ನು ಬೂದುಬಣ್ಣದ ನಾನಾ ಛಾಯೆಯ ಕಾಗದಗಳ ನಡುವೆ ಇಟ್ಟು, ಸಕ್ಕರೆಯನ್ನು ತೆಗೆದುಬಿಟ್ಟರು. ನೊಣಗಳು ನೇರವಾಗಿ ನೀಲಿಗೇ ಬಂದವು. ಕೆಂಪಿಗೆ ಪಳಗಿಸಿದಾಗ ಮಾತ್ರ ಅವು ಕೆಂಪನ್ನೂ ಕಪ್ಪನ್ನೂ ಒಂದೇ ಎಂದು ಬಗೆದವು. ನಮಗೆ ಕಾಣದ ಅತಿನೇರಳೆ ಬೆಳಕು ಜೇನಿಗೆ ಕಾಣುತ್ತದೆಂಬುದೂ ಮುಂದೆ ತಿಳಿದುಬಂತು. ನಾವು ಪೂರ್ತಿ ಹಳದಿಯೆಂದು ಕಾಣುವ ಸೂರ್ಯಕಾಂತಿಯಲ್ಲಿ ಅದು ಎರಡು ಬಣ್ಣದ ಚಕ್ರವನ್ನು ಕಾಣುತ್ತದೆ, ನಡುವಿನ ಭಾಗ ಬೇರೆ, ಅಂಚು ಬೇರೆ. ಊಟ ಎಲ್ಲಿದೆಯೆಂದು ಹೂವೇ ಗುರುತು ಹಾಕಿಕೊಟ್ಟಂತೆ. ಬಣ್ಣಕ್ಕಿಂತಲೂ ಬೇಗ ನೆನಪಿನಲ್ಲಿ ಕೂರುವುದು ವಾಸನೆ. ಹೂವು ಅರಳುವ ಹೊತ್ತೂ ನೆನಪಿರುತ್ತದೆ. ಸ್ವಿಟ್ಜರ್ಲೆಂಡಿನ ವೈದ್ಯ ಫೋರೆಲ್ ಅಂಗಳದಲ್ಲಿ ಕುಳಿತು ಬೆಳಗಿನ ತಿಂಡಿ ತಿನ್ನುತ್ತಿದ್ದಾಗ ಹಣ್ಣಿನ ಪಾಕಕ್ಕೆ ಬಂದು ಅಭ್ಯಾಸವಾದ ನೊಣಗಳು, ಪಾಕ ಇಲ್ಲದ ದಿನವೂ ಅದೇ ಹೊತ್ತಿಗೆ ಹಾಜರಾದುವಂತೆ.

ಫ್ರಿಷ್ ಅವರ ದೊಡ್ಡ ಶೋಧ ಜೇನಿನ ಕುಣಿತ. ಅದರ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೆಳೆಸುವುದಿಲ್ಲ. ನಮ್ಮ ವಿಷಯಕ್ಕೆ ಸಂಬಂಧಪಟ್ಟ ಒಂದು ಸ್ವಾರಸ್ಯವನ್ನಷ್ಟೆ ಹೇಳುತ್ತೇನೆ. ಗೂಡಿಗೆ ಬಂದ ನೊಣ ಕೆಲವೊಮ್ಮೆ ದುಂಡಗೆ ಸುತ್ತುತ್ತದೆ, ಕೆಲವೊಮ್ಮೆ ಬಾಲವನ್ನಾಡಿಸುತ್ತ ನೆಟ್ಟಗೆ ಓಡುತ್ತದೆ. ದುಂಡುಕುಣಿತ ಮಕರಂದಕ್ಕೆ, ಬಾಲದ ಕುಣಿತ ಪರಾಗಕ್ಕೆ ಎಂದು ಅವರು 1920ರ ದಶಕದಲ್ಲಿ ಬರೆದರು. ಇಪ್ಪತ್ತು ವರ್ಷ ಲೋಕವೂ ಹಾಗೆಯೇ ನಂಬಿತು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಮತ್ತೆ ಪರೀಕ್ಷಿಸಿ, ಭೇದವಿರುವುದು ಪದಾರ್ಥದಲ್ಲಲ್ಲ, ದೂರದಲ್ಲಿ ಎಂದು ಅವರೇ ತಿದ್ದಿದರು. ಹತ್ತಿರದ ಊಟಕ್ಕೆ ದುಂಡುಕುಣಿತ, ದೂರದ್ದಕ್ಕೆ ದಿಕ್ಕನ್ನೂ ದೂರವನ್ನೂ ಹೇಳುವ ಬಾಲದ ಕುಣಿತ. 1973ರಲ್ಲಿ ನೊಬೆಲ್ ಪಾರಿತೋಷಿಕ ಬಂತು. ಅವರ ಶಿಷ್ಯ ಲಿಂಡೌವರ್ 1950ರ ದಶಕದಲ್ಲಿ ಸಿಂಹಳಕ್ಕೆ ಬಂದು ನಮ್ಮವೇ ಆದ ತುಡುವೆ, ಹೆಜ್ಜೇನು, ಕೋಲುಜೇನುಗಳ ಕುಣಿತವನ್ನೂ ಅಭ್ಯಾಸ ಮಾಡಿದರು. ಆಡುನುಡಿ ಬೇರೆಬೇರೆಯಾದರೂ ಮೂಲಭಾಷೆ ಒಂದೇ ಎಂದು ತಿಳಿಯಿತು. ಭಾಷಾಶಾಸ್ತ್ರದ ಪಾಠ ಹೇಳುವ ನಮಗೆ ಇದು ಪರಿಚಿತವಾದ ಮಾತೇ.

ಆದರೆ ಎಲ್ಲ ಹೂವಿಗೂ ಕುಣಿದರೆ ಗೂಡು ಗದ್ದಲದ ಸಂತೆಯಾಗುತ್ತದೆ. ಎಷ್ಟು ಒಳ್ಳೆಯ ಮಕರಂದಕ್ಕೆ ಕುಣಿಯಬೇಕು? ಅಮೆರಿಕದ ಥಾಮಸ್ ಸೀಲಿ ಇದನ್ನು ಬಹಳ ತಾಳ್ಮೆಯಿಂದ ಬಿಡಿಸಿದರು. ಮಕರಂದ ತಂದ ನೊಣ ಅದನ್ನು ತಾನೇ ಉಗ್ರಾಣದಲ್ಲಿಡುವುದಿಲ್ಲ. ಒಳಗೆ ಕಾದಿರುವ ಕಿರಿಯಳೊಬ್ಬಳ ಬಾಯಿಗೆ ಒಪ್ಪಿಸುತ್ತದೆ. ಬಂದ ಇಪ್ಪತ್ತು ಸೆಕೆಂಡುಗಳೊಳಗಾಗಿ ತೆಗೆದುಕೊಳ್ಳುವವಳು ಸಿಕ್ಕರೆ ಉಗ್ರಾಣದಲ್ಲಿ ಕೈಗಳು ಬಿಡುವಾಗಿವೆ, ಇನ್ನಷ್ಟು ಬರಲಿ ಎಂದರ್ಥ. ಮಕರಂದ ಒಳ್ಳೆಯದಾಗಿದ್ದರೆ ಅದು ಕುಣಿಯುತ್ತದೆ. ಐವತ್ತು ಸೆಕೆಂಡು ಹುಡುಕಿದರೂ ಸಿಗದಿದ್ದರೆ ಕುಣಿತದ ಬದಲು ಮೈ ನಡುಗಿಸುತ್ತ ಗೂಡಿನೊಳಗೆಲ್ಲ ಓಡಾಡುತ್ತದೆ. ಅದನ್ನು ಕಂಡು ಇನ್ನಷ್ಟು ಮಂದಿ ಉಗ್ರಾಣದ ಕೆಲಸಕ್ಕೆ ಬರುತ್ತಾರೆ. ಹೂವಿನ ಸುಗ್ಗಿಯಲ್ಲಿ ತಿಳಿಯಾದ ಮಕರಂದಕ್ಕೆ ಯಾರೂ ಕುಣಿಯುವುದಿಲ್ಲ. ಬರಗಾಲದಲ್ಲಿ ಅದೇ ತಿಳಿ ಮಕರಂದ ಹಬ್ಬ. ಯಾವ ನೊಣವೂ ಇಡೀ ಗೂಡಿನ ಲೆಕ್ಕವನ್ನು ನೋಡಿಲ್ಲ. ಬಾಗಿಲಲ್ಲಿ ಕಾದ ಹೊತ್ತೇ ಅದಕ್ಕೆ ಲೆಕ್ಕದ ಪುಸ್ತಕ. ಒಂದು ಒಳ್ಳೆಯ ಮನೆಯ ಯಜಮಾನಿತಿಯನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅವಳೂ ಡಬ್ಬಿಯ ಸದ್ದಿನಿಂದಲೇ ಬೇಳೆಯ ಮಟ್ಟವನ್ನು ತಿಳಿಯುತ್ತಾಳೆ.

ಪರಾಗದ ಲೆಕ್ಕ ಇನ್ನೂ ಸೂಕ್ಷ್ಮ. ಪರಾಗ ತಂದವಳು ಅದನ್ನು ಯಾರ ಕೈಗೂ ಕೊಡದೆ, ಮರಿಗಳಿರುವ ಎರಿಯ ಅಂಚಿಗೆ ನಡೆದುಹೋಗಿ, ಖಾಲಿಯಾದ ಕಣವೊಂದರಲ್ಲಿ ತಾನೇ ಕಾಲಿನಿಂದ ಉದುರಿಸುತ್ತದೆ. ಹಾಗೆ ಹೋಗುವಾಗ ಮರಿಗಳ ಮೈವಾಸನೆ ಅದಕ್ಕೆ ತಗಲುತ್ತದೆ. ಮರಿಗಳು ಹೆಚ್ಚಾದರೆ ಪರಾಗಕ್ಕೆ ಹೋಗುವವರ ಸಂಖ್ಯೆ ಏರುತ್ತದೆ. ಕಣಗಳಲ್ಲಿ ಪರಾಗ ತುಂಬಿದರೆ ಇಳಿಯುತ್ತದೆ. ಇನ್ನೊಂದು ದಾರಿಯೂ ಇದೆ ಎಂದು ಬಲವಾದ ಊಹೆ. ಹೊರಗೆ ದುಡಿಯುವವಳಿಗೂ ತುಸು ಸಸಾರಜನಕ ಬೇಕು. ಅದನ್ನು ದಾದಿ ತನ್ನ ಬಾಯಿಂದಲೇ ಉಣಿಸುತ್ತಾಳೆ. ಗೂಡಿನಲ್ಲಿ ಪರಾಗ ಕಡಿಮೆಯಾದಾಗ ದಾದಿ ಮರಿಗಳಿಗೆ ಮೊದಲು ಕೊಡುತ್ತಾಳೆ, ದುಡಿಯುವವಳ ಪಾಲು ಇಳಿಯುತ್ತದೆ. ಆ ಹಸಿವೇ ಆಜ್ಞೆ.

ಇದು ಎಷ್ಟು ಬೇಕೆಂಬ ಪ್ರಶ್ನೆಗೆ ಉತ್ತರವಾಯಿತು. ಯಾವುದು ಬೇಕು ಎಂಬುದಕ್ಕೆ? ಹೂವಿನ ಮೇಲೆ ಕುಳಿತ ನೊಣ ಪರಾಗದ ಸಸಾರಜನಕವನ್ನು ತೂಗಿ ನೋಡುತ್ತದೆಂಬುದಕ್ಕೆ ಹಿಂದಿನ ಪ್ರಯೋಗಗಳಲ್ಲಿ ಆಧಾರ ಸಿಕ್ಕಿರಲಿಲ್ಲ. ಅದು ನೋಡುವುದು ಬಣ್ಣ, ವಾಸನೆ, ಸುಲಭವಾಗಿ ಎಷ್ಟು ಸಿಗುತ್ತದೆ ಎಂಬುದನ್ನು. ಆದರೆ 2016ರಲ್ಲಿ ಇಸ್ರೇಲಿನ ಹೆಂಡ್ರಿಕ್ಸ್‌ಮಾ ಮತ್ತು ಶಾಫಿರ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗ ಈ ವಿಷಯಕ್ಕೆ ಹೊಸ ತಿರುವನ್ನು ಕೊಟ್ಟಿತು. ಅವರು ಜೇನುಸಂಸಾರಗಳಿಗೆ ಮೊದಲು ಒಂದೇ ಬಗೆಯ ಪರಾಗವನ್ನು ತಿನ್ನಿಸಿ, ಅನಿವಾರ್ಯವಾದ ಯಾವುದಾದರೊಂದು ಅಮೈನೋ ಆಮ್ಲದ ಕೊರತೆಯುಂಟಾಗುವಂತೆ ಮಾಡಿದರು. ಆಮೇಲೆ ಹೊರಗೆ ನಾನಾ ಬಗೆಯ ಆಹಾರವನ್ನಿಟ್ಟರು: ಹಿಂದೆ ತಿಂದದ್ದೇ ಒಂದು, ಅದೇ ಕೊರತೆಯಿರುವ ಬೇರೊಂದು, ಕೊರತೆಯನ್ನು ತುಂಬುವಂಥದೊಂದು. ನೊಣಗಳ ಒಲವು ಕೊರತೆಯನ್ನು ತುಂಬುವುದರ ಕಡೆಗೆ ತಿರುಗಿತು. ದುಡಿಯಲು ಹೋದವಳು ತನ್ನ ನಾಲಗೆಗಾಗಿ ಆರಿಸಲಿಲ್ಲ. ಮನೆಯಲ್ಲಿ ಯಾವುದಿಲ್ಲವೋ ಅದನ್ನು ಹುಡುಕಿದಳು. ಬಸುರಿಗೆ ಬಯಕೆ ಹುಟ್ಟುವುದನ್ನು ನಾವು ಬಲ್ಲೆವು. ಇಲ್ಲಿ ಬಸುರು ಒಂದು ಕಡೆ, ಬಯಕೆ ಇನ್ನೊಂದು ಕಡೆ.

ಆರಿಸುವ ಬುದ್ಧಿ ಇದ್ದರೆ ಸಾಲದು, ಆರಿಸುವುದಕ್ಕೆ ಪದಾರ್ಥಗಳಿರಬೇಕಷ್ಟೆ. ಇಲ್ಲಿ ಮಾತು ನಮ್ಮ ಅಂಗಳಕ್ಕೆ ಬರುತ್ತದೆ. ನೀಲಗಿರಿ ಮರ ನಮ್ಮ ಬಯಲುಸೀಮೆಯಲ್ಲಿ ಎಕರೆಗಟ್ಟಲೆ ಹಬ್ಬಿದ್ದನ್ನು ಎಲ್ಲರೂ ಕಂಡಿದ್ದೇವೆ. ಅದರ ಮಕರಂದ ಸಮೃದ್ಧ, ಜೇನುತುಪ್ಪವೂ ಪರಿಮಳದ್ದು. ಆದರೆ ಅದರ ಪರಾಗದಲ್ಲಿ ಒಮೇಗಾ-3 ಎಂಬ ಬಗೆಯ ಮೇದಸ್ಸು ಬಹಳ ಕಡಿಮೆ. ಒಮೇಗಾ-3 ಕೊರತೆಯ ಪರಾಗವನ್ನೇ ತಿಂದು ಬೆಳೆದ ನೊಣಗಳು ವಾಸನೆಯನ್ನು ಕಲಿತು ನೆನಪಿಡುವುದರಲ್ಲಿ ತೀರ ಹಿಂದುಳಿದುವೆಂದೂ, ಅವುಗಳ ಹಾಲಿನ ಗ್ರಂಥಿಗಳು ಸಣ್ಣವಾದುವೆಂದೂ ಇಸ್ರೇಲಿನಲ್ಲಿಯೇ ನಡೆದ ಪ್ರಯೋಗಗಳು 2015ರಲ್ಲಿ ತೋರಿಸಿದವು. ಹೂವನ್ನು ಆರಿಸಬೇಕಾದದ್ದು ನೆನಪಿನ ಬಲದಿಂದ. ಆ ನೆನಪನ್ನೇ ಊಟ ಕೆಡಿಸಿದರೆ ಆಯ್ಕೆಯೆಲ್ಲಿ ಬಂತು? 2010ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇನ್ನೊಂದು ಮಾತು ಹೇಳಿದ್ದರು. ಹಲವು ಹೂಗಳ ಪರಾಗವನ್ನು ಬೆರೆಸಿ ತಿನ್ನಿಸಿದಾಗ, ರೋಗವನ್ನು ತಡೆಯಲು ನೆರವಾಗುವ ಒಂದು ಕಿಣ್ವ ಒಂದೇ ಹೂವಿನ ಪರಾಗ ತಿಂದವುಗಳಿಗಿಂತ ನೊಣಗಳಲ್ಲಿ ಹೆಚ್ಚಾಗಿ ಕಂಡಿತು.

ನನ್ನ ಸೋದರಮಾವ ಈ ಪ್ರಬಂಧಗಳಾವುದನ್ನೂ ಓದಿದವರಲ್ಲ. ಅವರ ತೋಟದಲ್ಲಿ ತುಡುವೆಯ ಇಪ್ಪತ್ತು ಪೆಟ್ಟಿಗೆಗಳಿವೆ. ಮಲೆನಾಡಿನಲ್ಲಿ ಜೇನಿಗೆ ಕಷ್ಟಕಾಲ ಆಷಾಢ ಶ್ರಾವಣ. ಬಿಡದೆ ಸುರಿಯುವ ಮಳೆಯಲ್ಲಿ ನೊಣ ಹೊರಗೆ ಹೋಗಲಾರದು, ಹೋದರೂ ತೊಳೆದುಹೋದ ಹೂವಿನಲ್ಲಿ ಏನೂ ಇರದು. ಆಗ ಸಾಕುವವರು ಸಕ್ಕರೆಯ ಪಾಕವನ್ನು ಪೆಟ್ಟಿಗೆಯೊಳಗಿಡುತ್ತಾರೆ. "ಮಾವ, ಪಾಕವನ್ನು ಇನ್ನಷ್ಟು ಧಾರಾಳವಾಗಿ ಕೊಟ್ಟರೆ ಸಂಸಾರ ದೊಡ್ಡದಾಗುವುದಿಲ್ಲವೇ?" ಎಂದು ಒಮ್ಮೆ ಕೇಳಿದೆ.

"ಪಾಕ ಕುಡಿದು ಜೀವ ಹಿಡಿದುಕೊಂಡಿರುತ್ತದೆ ಮಾರಾಯ, ಮಕ್ಕಳಾಗುವುದಿಲ್ಲ" ಎಂದರು. "ನಿನಗೆ ಮೂರು ತಿಂಗಳು ಬರಿ ಬೆಲ್ಲದ ಪಾನಕ ಕೊಡುತ್ತೇನೆ, ನೋಡು."

ಮಳೆ ಹಿಂದೆಗೆದು, ತೋಟದ ಬದಿಯಲ್ಲಿ ಮುಟ್ಟಿದರೆಮುನಿ ಹೂಬಿಟ್ಟು, ಹಿತ್ತಿಲಲ್ಲಿ ತುಂಬೆ ಬೆಳ್ಳಗಾದಾಗಲೇ ಅವರ ಮುಖ ಅರಳುವುದು. ಮುಟ್ಟಿದರೆಮುನಿಯನ್ನು ನಾವು ಮಕ್ಕಳ ಆಟದ ಗಿಡವೆಂದು ಬಲ್ಲೆವು. ಕಾಲಿಗೆ ಚುಚ್ಚುವಾಗ ಶಪಿಸುತ್ತೇವೆ. ಜೇನಿಗೆ ಅದು ಪರಾಗದ ಕಣಜ. ಅದರಂತೆಯೇ ವರ್ಷವಿಡೀ ಹೊಂಬಾಳೆ ಬಿಡುವ ತೆಂಗು, ಹೊಂಬಾಳೆಯೊಡೆದ ಅಡಿಕೆ. ಬಯಲುಸೀಮೆಯಲ್ಲಿ ಗಾಳಿಗೆ ಪರಾಗ ತೂರುವ ಜೋಳದ ತೆನೆಗೂ ಜೇನು ಬೆಳಗಿನ ಹೊತ್ತು ಮುತ್ತುತ್ತದೆ. ಅಲ್ಲಿ ಮಕರಂದ ತೊಟ್ಟೂ ಇಲ್ಲ, ಬಂದದ್ದು ಪರಾಗಕ್ಕೇ. ಮಕರಂದಕ್ಕೆ ಬೇಸಗೆಯ ಹೊಂಗೆ, ಬೇವು, ಹುಣಸೆ, ನೇರಳೆ, ಅಂಟುವಾಳ, ಮತ್ತಿ ಇವೆಯಲ್ಲ. ಒಂದರ ಹಿಂದೊಂದು ಹೂಬಿಡುವ ಈ ಸಾಲಿನಲ್ಲಿ ಎರಡು ಮೂರು ಕೊಂಡಿ ಕಳಚಿದರೆ ಪೆಟ್ಟಿಗೆಯೊಳಗೆ ಅದರ ಕಷ್ಟ ಕಾಣುತ್ತದೆ. ಇದಕ್ಕೆ ರಬ್ಬರು ತೋಟವೊಂದು ವಿಚಿತ್ರವಾದ ಉದಾಹರಣೆ. ರಬ್ಬರಿನ ಎಳೆಯ ಎಲೆಗಳ ತೊಟ್ಟಿನಲ್ಲಿಯೇ ಸಿಹಿರಸ ಒಸರುತ್ತದೆ. ಎರಿಗಳು ತುಪ್ಪದಿಂದ ತುಂಬುತ್ತವೆ. ಹೂವಿನ ರಸವಲ್ಲವಾದ್ದರಿಂದ ಜೊತೆಗೆ ಪರಾಗ ಬರುವುದಿಲ್ಲ. ಉಗ್ರಾಣ ತುಂಬಿದ ಮನೆಯಲ್ಲಿ ಮಕ್ಕಳಿಗೆ ಹಸಿವು!

ಹೆಜ್ಜೇನಿನ ದಾರಿ ಬೇರೆ. ಅದು ಬರಗಾಲವನ್ನು ಕಾದು ಕೂರುವುದಿಲ್ಲ. ಹೂವು ಮುಗಿದ ಸೀಮೆಯನ್ನು ಬಿಟ್ಟು ಸಂಸಾರಸಮೇತ ಗುಳೆಹೋಗುತ್ತದೆ, ಬಯಲಿನಿಂದ ಬೆಟ್ಟಕ್ಕೆ, ಬೆಟ್ಟದಿಂದ ಬಯಲಿಗೆ. ತುಡುವೆಯೂ ತೀರ ಕಷ್ಟವಾದಾಗ ಪೆಟ್ಟಿಗೆಯನ್ನು ಬರಿದುಮಾಡಿ ಹಾರಿಹೋಗುವುದುಂಟು. ಸಾಕಿದವರು ಅದನ್ನು ಕೃತಘ್ನತೆಯೆಂದು ಹೇಳುವುದನ್ನು ನಾನು ಕೇಳಿಲ್ಲ.

1991-92ರಲ್ಲಿ ದಕ್ಷಿಣದೇಶದ ತುಡುವೆಗೆ ಮಾರಿ ಬಡಿಯಿತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ಆ ವಿಷಾಣುರೋಗದಿಂದ ಮರಿಗಳು ನೀರು ತುಂಬಿದ ಚೀಲಗಳಂತಾಗಿ ಕಣದಲ್ಲಿಯೇ ಸತ್ತವು. ಕರ್ನಾಟಕ ಕೇರಳಗಳಲ್ಲಿ ಸಾಕಿದ ತುಡುವೆಯ ಬಹುಪಾಲು ಸಂಸಾರಗಳು ಅಳಿದುಹೋದವು. ಮಾವನ ಪೆಟ್ಟಿಗೆಗಳಲ್ಲಿ ಉಳಿದದ್ದು ಎರಡು. ಈಗಿನ ಇಪ್ಪತ್ತೂ ಆ ಎರಡರಿಂದಲೂ, ಕಾಡಿನ ಪೊಟರೆಗಳಿಂದ ಹಿಡಿದುತಂದವುಗಳಿಂದಲೂ ಆದದ್ದು. ಖಾಲಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದ ವರ್ಷ ಅವರು ತೋಟದ ಕಳೆ ತೆಗೆಸುವ ಕ್ರಮವನ್ನೇ ಬದಲಾಯಿಸಿದರೆಂದು ಅತ್ತೆ ಹೇಳುತ್ತಾರೆ. ರೋಗಕ್ಕೂ ಕಳೆಗೂ ಏನು ಸಂಬಂಧವೆಂದು ಆಗ ಊರವರು ನಕ್ಕಿದ್ದರಂತೆ.

ನೀರಿನ ವಿಷಯದಲ್ಲಿ ಜೇನಿನ ಆಯ್ಕೆ ನಮಗೆ ಅಸಹ್ಯವಾಗಿ ಕಾಣಬಹುದು. ತಿಳಿನೀರಿನ ತೊಟ್ಟಿ ಪಕ್ಕದಲ್ಲಿದ್ದರೂ ಅದು ಕೊಟ್ಟಿಗೆಯ ಗಂಜಲದ ಗುಂಡಿಗೆ ಇಳಿಯುತ್ತದೆ, ಬೆವರಿದ ತೋಳಿನ ಮೇಲೆ ಕುಳಿತು ನೆಕ್ಕುತ್ತದೆ. ಮಕರಂದ ಪರಾಗಗಳಲ್ಲಿ ಕಡಿಮೆಬೀಳುವ ಸೋಡಿಯಂ ಮೊದಲಾದ ಲವಣಗಳು ಬೇಕಾಗಿರುವುದೇ ಇದಕ್ಕೆ ಕಾರಣವೆಂದು ವಿದ್ವಾಂಸರ ಅಭಿಪ್ರಾಯ. ಊಟಕ್ಕೆ ಉಪ್ಪು ಬಡಿಸಿಕೊಳ್ಳುವುದರಲ್ಲಿ ಅಸಹ್ಯವೇನು?

ಹೂವು ಜೇನಿಗೆ ಮೋಸಮಾಡುವುದೂ ಉಂಟೆಂಬುದನ್ನು ಹೇಳದೆ ಈ ಲೇಖನವನ್ನು ಮುಗಿಸಲಾರೆ. ಕಾಫಿಯ ಹೂವಿನ ಮಕರಂದದಲ್ಲಿಯೂ, ಕಿತ್ತಳೆ ನಿಂಬೆಗಳ ಮಕರಂದದಲ್ಲಿಯೂ ತೀರ ಸ್ವಲ್ಪ ಕೆಫೀನು ಇರುತ್ತದೆ. ನಾಲಗೆಗೆ ಕಹಿ ತಿಳಿಯದಷ್ಟು. ಅದನ್ನು ಕುಡಿದ ನೊಣಗಳು ಹೂವಿನ ವಾಸನೆಯನ್ನು ಮರುದಿನವೂ ನೆನಪಿಟ್ಟವೆಂದು, ಹಾಗೆ ನೆನಪಿಟ್ಟವುಗಳ ಸಂಖ್ಯೆ ಬರಿಯ ಸಕ್ಕರೆ ಕುಡಿದವುಗಳ ಮೂರರಷ್ಟೆಂದು 2013ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಮೇಲೆ ಇಂಗ್ಲೆಂಡಿನ ಸಸೆಕ್ಸಿನವರು ಇನ್ನೊಂದನ್ನು ಕಂಡರು: ಕೆಫೀನು ಬೆರೆತ ಸಕ್ಕರೆನೀರಿಗೆ ನೊಣಗಳು ಅದರ ಯೋಗ್ಯತೆಗೆ ಮೀರಿ ಕುಣಿದು ಇತರರನ್ನು ಕರೆದವು, ಬತ್ತಿದ ಮೇಲೂ ಅಲ್ಲಿಗೇ ಹೋಗಿ ಕಾದವು. ಬೆಳಗಿನ ಲೋಟಕ್ಕೆ ಕಟ್ಟುಬಿದ್ದ ನಮ್ಮ ಅಧ್ಯಾಪಕರ ಕೊಠಡಿ ಇದನ್ನು ಕೇಳಿ ಜೇನನ್ನು ಹಳಿಯುವ ಧೈರ್ಯ ಮಾಡಲಿಲ್ಲ.

ಕೊಡಗಿನಲ್ಲಿ ಮಾರ್ಚಿ ಏಪ್ರಿಲ್ ತಿಂಗಳ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ತೋಟಗಳು ಮಲ್ಲಿಗೆಯ ಚಪ್ಪರದಂತಾಗುತ್ತವೆ. ರೋಬಸ್ಟಾ ಕಾಫಿ ತನ್ನ ಪರಾಗದಿಂದ ತಾನೇ ಕಾಯಿಕಟ್ಟಲಾರದು. ಗಾಳಿಯೂ ಜೇನೂ ಗಿಡದಿಂದ ಗಿಡಕ್ಕೆ ಸಾಗಿಸಬೇಕು. ಅಲ್ಲಿ ಈ ಕೆಲಸದಲ್ಲಿ ಹೆಜ್ಜೇನಿನ ಪಾಲೇ ದೊಡ್ಡದೆಂದು ತೋಟಗಳಲ್ಲಿ ನಡೆಸಿದ ಅಧ್ಯಯನಗಳು ತೋರಿಸಿವೆ. ಆದರೆ ಆ ಬಿಳುಪು ನಿಲ್ಲುವುದು ಮೂರು ನಾಲ್ಕು ದಿನ. ವರ್ಷದ ಉಳಿದ ದಿನಗಳಲ್ಲಿ ಜೇನಿನ ಸಂಸಾರವನ್ನು ಸಾಕುವುದು ತೋಟದ ನೆರಳುಮರಗಳು, ಬೇಲಿಸಾಲಿನ ಪೊದೆಗಳು, ಹೆಸರು ಕೂಡ ಇಲ್ಲದ ಕಳೆಗಳು.

ಕಳೆದ ಕಾರ್ತಿಕದಲ್ಲಿ ಮಾವನ ತೋಟಕ್ಕೆ ಹೋಗಿದ್ದೆ. ಕಳೆ ಕೊಚ್ಚುವ ಯಂತ್ರ ತಂದ ಆಳಿಗೆ ಅವರು ಅಗಳಿನ ಅಂಚಿನಲ್ಲಿ ನಿಂತು, ಎಲ್ಲಿಂದ ಎಲ್ಲಿಯವರೆಗೆ ಎಂದು ಕೋಲಿನಿಂದ ಗೆರೆಯೆಳೆದು ತೋರಿಸುತ್ತಿದ್ದರು. ಗೆರೆಯ ಆಚೆಯ ತುಂಬೆಯನ್ನೂ ಮುಟ್ಟಿದರೆಮುನಿಯನ್ನೂ ಹೂವು ಉದುರುವ ತನಕ ಮುಟ್ಟಕೂಡದು. ಪೆಟ್ಟಿಗೆಯ ಬಾಗಿಲಲ್ಲಿ ನೊಣಗಳು ಇಳಿಯುತ್ತಿದ್ದವು, ಒಂದರ ಕಾಲಿನಲ್ಲಿ ಬಿಳಿಯ ಉಂಡೆ, ಇನ್ನೊಂದರದು ಹಳದಿ, ಮತ್ತೊಂದರದು ಇಟ್ಟಿಗೆಯ ಬಣ್ಣ. "ಇವತ್ತು ಮೂರು ಬಗೆ" ಎಂದು ಮಾವ ಎಣಿಸಿಕೊಂಡು, ಪಂಚೆಯನ್ನು ಮೇಲೆ ಕಟ್ಟಿ ಮುಂದಿನ ಪೆಟ್ಟಿಗೆಯ ಕಡೆಗೆ ಹೋದರು.